ಷಡ್ಡಕನ ಬಂಗಲೆ ಖರೀದಿ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನ್ನ ಷಡ್ಡಕನಿಗೆ ಮನೆ ನೋಡುವ ಚಟ. ಮನೆ ಅಂದರೆ ನಿಮ್ಮ ನಮ್ಮಂಥವರ ಮನೆಯಲ್ಲ. ಊರಾಚೆ, ಸುತ್ತ ಮರಗಳಿರುವ, ಮುಂದೆ ಹುಲ್ಲುಹಾಸಿರುವ, ಗೇಟಿನಿಂದ ಬಾಗಿಲಿಗೆ ನಡೆದು ಹೋಗುವಷ್ಟರಲ್ಲಿ ಮತ್ತೆ ಹಸಿವಾಗುವಂಥ ಬಂಗಲೆಗಳು. ಕೊಳ್ಳುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ಕುಡಿತವಾದರೆ ಡಾಕ್ಟರಿಗೆ ತೋರಿಸಬಹುದು. ಇದಕ್ಕೆ ಯಾರಿಗೆ ತೋರಿಸುವುದು, ನೀವೇ ಹೇಳಿ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಾವಿರುವುದು ಒಂದೇ ಕಟ್ಟಡದಲ್ಲಿ, ಬಾಡಿಗೆಗೆ. ಕೆಳಗೆ ಮನೆ ಓನರ್, ನಡುವೆ ನಾನು, ನನ್ನ ತಲೆಯ ಮೇಲೆ ಅವನು. ಅವನು ಕುರ್ಚಿ ಎಳೆದರೆ ನನ್ನ ಚಹಾದಲ್ಲಿ ಸುಣ್ಣ ಉದುರುತ್ತದೆ. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರ. ನನಗೆ ಎಲ್ಲವೂ ಸಾಲಾಗಿ, ನೆಟ್ಟಗೆ ನಿಲ್ಲಬೇಕು. ಅವನ ತಲೆಯಲ್ಲಿ ಯಾವ ವಿಚಾರವೂ ಒಂದು ನಿಮಿಷ ನಿಂತಲ್ಲಿ ನಿಲ್ಲುವುದಿಲ್ಲ. ಇಂಥ ಇಬ್ಬರು ಒಂದೇ ಮನೆಯ ಅಳಿಯಂದಿರಾದದ್ದು ನಮ್ಮ ಮಾವನವರ ದೂರದೃಷ್ಟಿ ಎಷ್ಟಿತ್ತು ಎಂಬುದನ್ನು ತೋರಿಸುತ್ತದೆ.

ಅವನ ಕೆಲಸ ಪರದೆ ಅಂಗಡಿಯಲ್ಲಿ. ಗಿರಾಕಿಗಳ ಮನೆಗೆ ಹೋಗಿ, ಸ್ಟೂಲು ಹತ್ತಿ, ಟೇಪು ಹಿಡಿದು ಕಿಟಕಿಗಳ ಅಳತೆ ತೆಗೆಯುವುದು. ದಿನವಿಡೀ ಸಾಹುಕಾರರ ಕಿಟಕಿಗಳಿಂದ ಹೊರಗೆ ನೋಡಿ ನೋಡಿ, ಒಳಗೂ ತಾನೇ ಇದ್ದರೆ ಹೇಗೆ ಎಂಬ ಯೋಚನೆ ಅವನಿಗೆ ಬಂದಿರಬೇಕು. ಭಾನುವಾರ ಬೆಳಿಗ್ಗೆ ಕೆಳಗಿಳಿದು ಬಂದು ನನ್ನ ಪೇಪರು ತೆಗೆದುಕೊಳ್ಳುತ್ತಾನೆ. ‘ಮಾರಾಟಕ್ಕಿದೆ’ ಪುಟವನ್ನು ಕತ್ತರಿಸಿಕೊಳ್ಳುತ್ತಾನೆ. ಆಮೇಲೆ ನನ್ನ ಕೋಟನ್ನೂ ಕೇಳುತ್ತಾನೆ. ಪೇಪರು ನನ್ನದು, ಕೋಟು ನನ್ನದು, ಕನಸು ಮಾತ್ರ ಅವನದು.

ಬಂಗಲೆ ನೋಡಿ ಮರ್ಯಾದೆಯಿಂದ ಹೊರಬರಲು ಅವನು ಒಂದು ವಿದ್ಯೆ ಕಲಿತಿದ್ದ. ಎಲ್ಲವನ್ನೂ ನೋಡಿ, ತಲೆದೂಗಿ, ಕೊನೆಗೆ ಒಂದು ಕೊರತೆ ಹೇಳುವುದು. “ಎಲ್ಲಾ ಚೆನ್ನಾಗಿದೆ. ಮೆಟ್ಟಿಲು ಸ್ವಲ್ಪ ಕಡಿದಾಯ್ತು.” “ಹಿತ್ತಲು ಚಿಕ್ಕದಾಯ್ತಲ್ಲಾ.” ಹೀಗೆ ನಿಟ್ಟುಸಿರುಬಿಟ್ಟು, ಮೂರು ಎಕರೆಯ ಹಿತ್ತಲನ್ನು ತಿರಸ್ಕರಿಸಿ, ಬಸ್ಸು ಹತ್ತಿ ಎರಡು ಕೋಣೆಯ ಮನೆಗೆ ಬರುತ್ತಿದ್ದ. ಬೀದಿಯವರು ಅವನಿಗೆ ‘ಜಮೀನ್ದಾರ’ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ತಮಾಷೆ ಎಂದು ತಿಳಿಯದೆ ಸಂತೋಷಪಟ್ಟುಕೊಂಡಿದ್ದ.

ಆ ಭಾನುವಾರವೂ ಬಂದ. “ಭಾವ, ಇವತ್ತು ಗುಡ್ಡದ ಮೇಲಿನ ಬಂಗಲೆ. ನೀವೂ ಬನ್ನಿ.”

“ನಾನ್ಯಾಕಯ್ಯಾ ನಿನ್ನ ಹುಚ್ಚಿಗೆ?”

“ನಿಮ್ಮನ್ನ ನೋಡಿದ್ರೆ ದುಡ್ಡಿರೋರ ಥರ ಕಾಣ್ತೀರಿ.”

ಸುಳ್ಳು ಎಂದು ಗೊತ್ತಿದ್ದರೂ ಬೆನ್ನು ತಾನಾಗಿ ನೆಟ್ಟಗಾಯಿತು. ಹೊರಟೆ. ಅವನ ಹೆಂಡತಿ, ನನ್ನ ನಾದಿನಿಯೂ ಬಂದಳು. ಅವಳಿಗೆ ಬಂಗಲೆಗಳ ಮೇಲೆ ಆಸೆಯೇನಿಲ್ಲ. ವಾರಕ್ಕೊಂದು ದಿನ ಬಸ್ಸಿನ ಕಿಟಕಿಯ ಪಕ್ಕ ಕೂತು ಗಂಡನ ಜೊತೆ ಎಲ್ಲಾದರೂ ಹೋದಂತಾಯಿತಲ್ಲ ಎಂದು ಬರುತ್ತಾಳೆ.

ಬಂಗಲೆಯ ಯಜಮಾನರು ಬೇರೆ ಊರಿನಲ್ಲಿದ್ದರು. ಕೀಲಿ ಬ್ರೋಕರನ ಹತ್ತಿರ ಇತ್ತು. ಬಡಕಲು ಮನುಷ್ಯ, ಕಂಕುಳಲ್ಲಿ ಹೆಲ್ಮೆಟ್ಟು, ಕಾಲಲ್ಲಿ ಮೇಲೆ ಪಾಲಿಶ್ ಹೊಡೆದು ಕೆಳಗೆ ಸವೆದ ಬೂಟು. ಆದರೆ ಮಾತು? ಅಬ್ಬಬ್ಬಾ! ಅಂಗೈಯಲ್ಲಿ ಅರಮನೆ ತೋರಿಸುವ ಮಾತು. ಇಲ್ಲಿ ನಿಜವಾದ ಅರಮನೆಯೇ ಇತ್ತಲ್ಲ, ಕೇಳಬೇಕೆ?

“ಸಾರ್, ಈ ಮರ ನೋಡಿ. ಇದರ ನೆರಳಿಗೇ ಬೇರೆ ರೇಟ್ ಹಾಕಬೇಕು. ಹಾಕಿಲ್ಲ.”

ಷಡ್ಡಕ ಗಂಭೀರವಾಗಿ ಕೋಣೆ ಕೋಣೆ ಸುತ್ತಿದ. ಕೊರತೆ ಹುಡುಕುತ್ತಿದ್ದ, ಪಾಪ. ಮೆಟ್ಟಿಲು ಅಗಲ, ಹಿತ್ತಲು ದೊಡ್ಡದು, ಬಾವಿಯಲ್ಲಿ ನೀರು ಕೈಗೆ ಸಿಗುವಂತಿತ್ತು. ಅವನ ಮುಖ ಸಣ್ಣಗಾಗುತ್ತಾ ಬಂತು. ಕೊರತೆ ಇಲ್ಲದ ಮನೆಯಿಂದ ಹೊರಬರುವುದು ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಮಹಡಿಯ ದೊಡ್ಡ ಹಾಲಿಗೆ ಬಂದೆವು. ಒಂದು ಗೋಡೆಯ ಉದ್ದಕ್ಕೂ ಕಿಟಕಿಗಳು, ನೆಲದಿಂದ ಸೂರಿನವರೆಗೆ. ಆಚೆ ಇಡೀ ಕಣಿವೆ. ಷಡ್ಡಕ ಹಾಗೇ ನಿಂತುಬಿಟ್ಟ. ಮುಂದೆ ನಡೆದದ್ದಕ್ಕೆ ಅವನ ಮನಸ್ಸು ಕಾರಣವಲ್ಲ, ಕೈ ಕಾರಣ. ಎಷ್ಟೋ ವರ್ಷದಿಂದ ಕಿಟಕಿ ಕಂಡಲ್ಲಿ ಜೇಬಿಗೆ ಹೋಗುವ ಕೈ ಅಂದೂ ಹೋಯಿತು. ಟೇಪು ಬಂತು. ಕಿಟಕಿಕಟ್ಟೆಯ ಮೇಲೆ ಹತ್ತಿದ. ಅಂಗಡಿಯ ಸಹಾಯಕ ರಜೆಯಲ್ಲಿದ್ದಾಗ ಎಷ್ಟೋ ಸಲ ಜೊತೆಗೆ ಹೋಗಿದ್ದ ನಾದಿನಿಯೂ ಅಭ್ಯಾಸದಿಂದ ಟೇಪಿನ ಕೆಳತುದಿ ಹಿಡಿದು ಕೂತಳು. ಒಂದು ಕಿಟಕಿ ಆಯಿತು, ಎರಡಾಯಿತು. ಅವನು ಪೆನ್ಸಿಲ್ಲು ಬಾಯಲ್ಲಿ ಕಚ್ಚಿಕೊಂಡು, ನನ್ನ ಕೋಟಿನ ಮೊಣಕೈಗೆ ಧೂಳು ಬಳಿದುಕೊಂಡು, ಸುಖವಾಗಿ ಅಳೆಯುತ್ತಾ ಹೋದ.

ಬ್ರೋಕರ್ ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂದಂತಿತ್ತು.

“ಸಾರ್,” ಎಂದ ನಡುಗುವ ದನಿಯಲ್ಲಿ, “ಪರದೆಗೆ ಅಳತೆನಾ ಸಾರ್?”

“ಹೂಂ,” ಎಂದ ಷಡ್ಡಕ, ಪೆನ್ಸಿಲ್ಲಿನ ಎಡೆಯಿಂದ.

“ಹಾಗಾದ್ರೆ ಮನೆ ಒಪ್ಪಿಗೆ?”

“ಹೂಂ,” ಎಂದ. ಅವನ ಗಮನವೆಲ್ಲ ನಾಲ್ಕನೇ ಕಿಟಕಿಯ ಮೇಲಿತ್ತು.

ಬ್ರೋಕರ್ ಅವನನ್ನು ಕಟ್ಟೆಯಿಂದ ಇಳಿಸಿ ಎರಡೂ ಕೈ ಹಿಡಿದು ಕುಲುಕಿದ. “ಈ ಬಂಗಲೆ ಏಳು ವರ್ಷದಿಂದ ಮಾರಾಟಕ್ಕಿದೆ ಸಾರ್. ಬಂದೋರು ಗೋಡೆ ತಟ್ಟಿ ನೋಡ್ತಾರೆ, ನಲ್ಲಿ ತಿರುಗಿಸಿ ನೋಡ್ತಾರೆ, ಹೋಗ್ತಾರೆ. ನನ್ನ ಸರ್ವೀಸಲ್ಲಿ ಕಿಟಕಿ ಅಳೆದೋರು ಮನೆ ಬಿಟ್ಟು ಹೋಗಿದ್ದು ನಾನು ನೋಡಿಲ್ಲ. ಇನ್ನು ಮೇಲೆ ನೀವು ನಮಗೆ ಬಂಗಲೆ ಸಾರ್!”

ನಾನು ಷಡ್ಡಕನ ಮುಖ ನೋಡಿದೆ. ಅಲ್ಲಿ ಗಾಬರಿ ಇತ್ತು, ನಿಜ. ಆದರೆ ‘ಬಂಗಲೆ ಸಾರ್’ ಎಂದು ಕರೆಸಿಕೊಂಡ ಖುಷಿ ಗಾಬರಿಯನ್ನು ಮೂಲೆಗೆ ತಳ್ಳಿ ಕಾಲುಚಾಚಿ ಕೂತಿತ್ತು.

“ಹೇಳೋ, ಇಲ್ಲ ಅಂತ ಹೇಳೋ,” ಎಂದು ಬಸ್ಸಿನಲ್ಲಿ ಹಲ್ಲು ಕಡಿದೆ.

“ಹೇಳ್ತೀನಿ ಭಾವ. ಒಂದೇ ಒಂದು ದಿನ ಇರ್ಲಿ. ನಾಳೆ ಖಂಡಿತ ಹೇಳ್ತೀನಿ.”

ಆ ನಾಳೆ ಬರುವ ಮೊದಲೇ ಬೀದಿಗೆ ಸುದ್ದಿ ಬಂದಿತ್ತು. ಬ್ರೋಕರ್ ಭಾನುವಾರ ಸಂಜೆಯೇ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದು, ದಾರಿಯುದ್ದಕ್ಕೂ ‘ಬಂಗಲೆ ಸಾರ್ ಮನೆ ಯಾವುದು?’ ಎಂದು ವಿಚಾರಿಸಿದ್ದ. ಸೋಮವಾರ ದಿನಸಿ ಅಂಗಡಿಯವನು ಷಡ್ಡಕನನ್ನು ಕಂಡು ಎದ್ದುನಿಂತ. ಇಸ್ತ್ರಿಯವನು ತನ್ನ ತಮ್ಮನಿಗೆ ಬಂಗಲೆಯಲ್ಲಿ ಕಾವಲುಗಾರನ ಕೆಲಸ ಕೊಡಿಸಬೇಕೆಂದು ಕೇಳಿಕೊಂಡ. ಎದುರುಮನೆಯಾಕೆ, ಅದುವರೆಗೆ ನಾದಿನಿಯಿಂದ ರವಿಕೆ ಹೊಲಿಸಿ ಚೌಕಾಸಿ ಮಾಡುತ್ತಿದ್ದವಳು, “ಅಯ್ಯೋ, ಇನ್ನು ನಮ್ಮಂಥೋರಿಗೆಲ್ಲ ನೀವು ಎಲ್ಲಿ ಹೊಲಿದು ಕೊಡ್ತೀರಿ,” ಎಂದು ಕಣ್ಣೊರೆಸಿಕೊಂಡು ಬಟ್ಟೆ ವಾಪಸ್ಸು ಒಯ್ದಳು. ಅದು ನಾದಿನಿಯ ಹೊಟ್ಟೆಗೆ ಬಿದ್ದ ಮೊದಲ ಪೆಟ್ಟು.

ಪರದೆ ಅಂಗಡಿಯ ಮಾಲೀಕರು ಷಡ್ಡಕನನ್ನು ಒಳಗೆ ಕರೆದು ಕುರ್ಚಿ ಕೊಟ್ಟರಂತೆ. “ಕಿಟಕಿ ಅಳತೆ ತಗೊಂಡಿದ್ದೀಯಂತೆ, ಕೊಡು. ಬಟ್ಟೆ ಕತ್ತರಿಸೋಕೆ ಹೇಳ್ತೀನಿ. ದುಡ್ಡು ನಿಧಾನವಾಗಿ ಸಂಬಳದಲ್ಲಿ ಹಿಡ್ಕೊಂಡ್ರಾಯ್ತು.” ಷಡ್ಡಕ ಬೆವರೊರೆಸಿಕೊಂಡು, “ಬಣ್ಣ ಇನ್ನೂ ತೀರ್ಮಾನ ಆಗಿಲ್ಲ ಸಾರ್,” ಎಂದು ಹೇಗೋ ಹೊರಬಂದ.

ಬುಧವಾರ ಅವನ ಸೋದರಮಾವ ಬಂದಿಳಿದರು. ಮದುವೆಯಲ್ಲಿ ಊಟಕ್ಕೆ ಮೊದಲ ಸಾಲಿನಲ್ಲಿ ಕೂರಿಸಲಿಲ್ಲವೆಂದು ಮುನಿಸಿಕೊಂಡು ಎಷ್ಟೋ ವರ್ಷ ಇತ್ತ ತಲೆಹಾಕದವರು. ಈಗ ಟ್ರಂಕಿನ ಸಮೇತ ಬಂದು, ಕೋಣೆಯ ನಡುವೆ ಅದರ ಮೇಲೇ ಕೂತರು.

“ಎಲ್ಲ ಮರೆತುಬಿಟ್ಟೆ ಕಣೋ. ರಕ್ತಸಂಬಂಧ ಬಿಡುತ್ತಾ? ನನಗೆ ಕೆಳಗಡೆ ರೂಮು ಕೊಟ್ಟುಬಿಡು. ಮಂಡಿನೋವು, ಮಹಡಿ ಹತ್ತೋಕಾಗಲ್ಲ.”

“ಮಾಮ, ಈಗ ಇಲ್ಲಿಗೆ ಹತ್ತಿ ಬಂದ್ರಲ್ಲ?”

“ಸಂತೋಷದಲ್ಲಿ ಹತ್ತಿದೆ.”

ಅದೇ ಸಂಜೆ ಬ್ರೋಕರ್ ಬಂದ. ಷಡ್ಡಕನಿಗೆ ಈಗ ಒಂದೇ ಆಸೆ, ಖರ್ಚು ಕೇಳಿ ಹೌಹಾರಿದಂತೆ ಮಾಡಿ ಜಾರಿಕೊಳ್ಳುವುದು. ನಿಜವಾಗಿ ಹೌಹಾರಬೇಕಾಗುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

“ಮನೆಯ ಬೆಲೆ ಬೇರೆ, ಮನೆ ತಗೊಳ್ಳೋ ಬೆಲೆ ಬೇರೆ ಸಾರ್,” ಎಂದು ಬ್ರೋಕರ್ ಬೆರಳು ಮಡಚತೊಡಗಿದ. “ಸ್ಟಾಂಪ್ ಡ್ಯೂಟಿ, ನೋಂದಣಿ, ವಕೀಲರ ಫೀಸು. ವಕೀಲರು ಕಾಗದಪತ್ರ ಸರಿ ಇದೆ ಅಂದ್ರೆ ಒಂದು ಫೀಸು, ಸರಿ ಇಲ್ಲ ಅಂದ್ರೆ ಸರಿ ಮಾಡೋಕೆ ಇನ್ನೊಂದು. ಭೂಮಿ ಅಳೆಯೋರಿಗೆ ಒಂದು. ಅವರು ತಪ್ಪು ಅಳೆದ್ರೆ ಮತ್ತೆ ಅಳೆಯೋರಿಗೆ ಒಂದು. ಬಾವಿ ತೆರಿಗೆ, ದಾರಿ ತೆರಿಗೆ. ಸೂರು ಸೋರದೇ ಇದ್ರೆ ರಿಪೇರಿ ಇಲ್ಲ.”

“ಸೋರುತ್ತಾ?”

“ಮಳೆ ಬಂದ್ರೆ ಮಾತ್ರ ಸಾರ್.”

“ನಿಮ್ಮ ಕಮಿಷನ್?”

ಬ್ರೋಕರ್ ನಾಚಿಕೊಂಡ. “ಅದು ಕೊನೇಲಿ ಸಾರ್. ಎಲ್ಲದಕ್ಕಿಂತ ಚಿಕ್ಕದು. ನಮ್ಮ ಪಾಲಿಗೆ ಮಾತ್ರ ದೊಡ್ಡದು.”

ಎರಡೂ ಕೈಯ ಬೆರಳುಗಳೆಲ್ಲ ಮುಗಿದು ಅವನು ಎರಡನೇ ಸುತ್ತು ಶುರುಮಾಡಿದಾಗ ಷಡ್ಡಕನ ಮುಖದಲ್ಲಿ ರಕ್ತವೇ ಇರಲಿಲ್ಲ. “ಯೋಚನೆ ಮಾಡ್ತೀನಿ,” ಎಂದ. “ಮಾಡಿ ಸಾರ್, ದೊಡ್ಡೋರು ಯೋಚನೆ ಮಾಡೇ ಮಾಡ್ತಾರೆ,” ಎಂದು ಬ್ರೋಕರ್ ಎದ್ದ. ಹೋಗುವ ಮುನ್ನ ಕೋಣೆಯನ್ನು ಒಮ್ಮೆ ಸುತ್ತ ನೋಡಿ, “ಗಾಳಿ ಚೆನ್ನಾಗಿದೆ ಇಲ್ಲಿ,” ಎಂದು ಮೆಲ್ಲನೆ ಹೇಳಿ ಇಳಿದುಹೋದ. ಕೆಳಗೆ ಓನರ್ ಜೊತೆ ಬಹಳ ಹೊತ್ತು ಮಾತಾಡುವುದು ಕೇಳಿಸಿತು.

ಮರುದಿನ ಓನರ್ ಮೇಲೆ ಬಂದರು. ರಬ್ಬರ್ ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಬರುವ ಮನುಷ್ಯ. ಕೀಲಿಗೊಂಚಲು ಮಾತ್ರ ಸದ್ದು ಮಾಡುತ್ತದೆ.

“ಬಹಳ ಸಂತೋಷ ಆಯ್ತು,” ಎಂದರು. “ನನ್ನ ಮನೇಲಿದ್ದೋರು ಬಂಗಲೆಗೆ ಹೋಗ್ತಾರೆ ಅಂದ್ರೆ ಈ ಮನೆಯ ಗುಣ. ತಿಂಗಳ ಕೊನೆಗೆ ಖಾಲಿ ಮಾಡ್ತೀರಿ ತಾನೇ? ಒಬ್ಬರು ಕೇಳಿದ್ದಾರೆ. ನಿಮಗಿಂತ ಜಾಸ್ತಿ ಬಾಡಿಗೆ ಕೊಡ್ತಾರೆ. ಮಾತು ಕೊಟ್ಟುಬಿಟ್ಟಿದ್ದೀನಿ.”

ಷಡ್ಡಕ ಬಾಯಿ ತೆರೆದ. ಸೋದರಮಾವ ಟ್ರಂಕಿನ ಮೇಲಿಂದ, “ತಿಂಗಳ ಕೊನೆ ಯಾಕೆ, ನಾಳೇನೇ ಹೋಗ್ತಾರೆ!” ಎಂದರು. ತೆರೆದ ಬಾಯಿ ಹಾಗೇ ಮುಚ್ಚಿತು.

ಓನರ್ ಇಳಿದುಹೋದ ಮೇಲೆ ನಾದಿನಿ ಸೌಟು ಕೈಯಲ್ಲಿ ಹಿಡಿದೇ ಅಡುಗೆಮನೆಯಿಂದ ಬಂದಳು. ನಾನು ಸುಣ್ಣ ಉದುರಿದ್ದನ್ನು ದೂರಲು ಹೋದವನು ಬಾಗಿಲಲ್ಲೇ ನಿಂತೆ.

“ಈ ಸುತ್ತಮುತ್ತ ಈ ಬಾಡಿಗೆಗೆ ಒಂದು ಗೂಡು ಸಿಗುತ್ತೇನ್ರೀ? ನನ್ನ ಹೊಲಿಗೆ ಗಿರಾಕಿಗಳೆಲ್ಲ ಈ ಬೀದೀಲಿದ್ದಾರೆ. ಕೆಳಗೆ ಅಕ್ಕ ಇದ್ದಾಳೆ. ಇದನ್ನ ಬಿಟ್ಟು ಎಲ್ಲಿಗೆ ಹೋಗೋಣ? ಹೋಗಿ ಓನರ್‌ಗೆ ನಿಜ ಹೇಳಿ.”

“ಹೇಳ್ತೀನಿ ಕಣೇ. ಆದ್ರೆ ಹೇಗೆ? ಬೀದಿಗೆ ಬೀದೀನೇ ನಗುತ್ತೆ.”

“ನಗಲಿ. ಬೀದೀಲಿ ಮಲಗೋದಕ್ಕಿಂತ ಅದು ಎಷ್ಟೋ ವಾಸಿ.” ಅವಳ ದನಿ ಒಡೆಯಿತು. ನನಗಾದ ಸಂಕಟ ತೋರಿಸಿಕೊಳ್ಳಬಾರದೆಂದು ಷಡ್ಡಕನಿಗೆ ಎರಡು ಬೈದೆ.

ಅವನು ಒಂದು ಉಪಾಯ ತೆಗೆದ. ನಿಜ ಹೇಳಿದರೆ ಮಾನ ಹೋಗುತ್ತದೆ. ಬ್ಯಾಂಕಿನವರು ಸಾಲ ಕೊಡಲಿಲ್ಲ ಎಂದರೆ ಮಾನ ಹೋಗುವುದು ಬ್ಯಾಂಕಿನದು. ಎಷ್ಟು ದೊಡ್ಡವರಿಗೂ ಬ್ಯಾಂಕು ಒಮ್ಮೊಮ್ಮೆ ಇಲ್ಲ ಎನ್ನುತ್ತದೆ. ಹಾಗೆಂದು ಶುಕ್ರವಾರ ನನ್ನ ಕೋಟು ತೊಟ್ಟು, ನನ್ನನ್ನೂ ಎಳೆದುಕೊಂಡು ಬ್ಯಾಂಕಿಗೆ ಹೋದ.

ಸಾಲದ ಅಧಿಕಾರಿ ಒಳ್ಳೆಯವರು. ಸಂಬಳದ ಚೀಟಿ ನೋಡಿದರು, ಕೋಟು ನೋಡಿದರು, ಮತ್ತೆ ಚೀಟಿ ನೋಡಿದರು.

“ಇದು ವಾರದ್ದೋ ತಿಂಗಳದ್ದೋ?”

“ತಿಂಗಳದ್ದು ಸಾರ್,” ಎಂದ ಷಡ್ಡಕ ಹೆಮ್ಮೆಯಿಂದ.

ಅಧಿಕಾರಿ ಲೆಕ್ಕದ ಯಂತ್ರ ಒತ್ತಿದರು. ಅಂಕಿ ಪರದೆಯಲ್ಲಿ ಹಿಡಿಸದೆ ಯಂತ್ರ ಕುಂಯ್ ಎಂದಿತು. ಇನ್ನೊಂದು ತರಿಸಿ ಒತ್ತಿದರು. “ನಿಮಗೆ ನೂರಾ ನಲವತ್ತು ವರ್ಷ ತುಂಬೋ ಹೊತ್ತಿಗೆ ಸಾಲ ತೀರುತ್ತೆ. ನಿಮ್ಮ ಮನೇಲಿ ಎಲ್ರೂ ಗಟ್ಟಿಮುಟ್ಟಾ?”

“ಹಾಗಾದ್ರೆ ಕೊಡೋಕಾಗಲ್ಲ ಅಲ್ವಾ ಸಾರ್?”

“ಆಗಲ್ಲ.”

“ಖಂಡಿತಾ ಆಗಲ್ಲ?”

“ನೋಡಿ, ಆ ಬಂಗಲೆಯ ಗೇಟಿಗೂ ನಾವು ನಿಮಗೆ ಸಾಲ ಕೊಡಲ್ಲ.”

ಷಡ್ಡಕ ಅವರ ಕೈ ಹಿಡಿದು ಕುಲುಕಿ, “ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ಸಾರ್,” ಎಂದ. ಅಧಿಕಾರಿ ಗಂಟೆ ಒತ್ತಿ ಕಾವಲುಗಾರನನ್ನು ಕರೆಯುವುದೋ ಬೇಡವೋ ಎಂದು ನನ್ನ ಮುಖ ನೋಡಿದರು.

ಬ್ಯಾಂಕಿನ ಮೆಟ್ಟಿಲಿಳಿಯುವಾಗ ಅವನ ಮುಖ ನೋಡಬೇಕಿತ್ತು. ನಕ್ಕ, ಸೀಟಿ ಹಾಕಿದ, ದಾರಿಯಲ್ಲಿ ಸಿಹಿ ಕಟ್ಟಿಸಿಕೊಂಡ. ಬೀದಿಗೆ ಕಾಲಿಟ್ಟಾಗ ಇಸ್ತ್ರಿಯವನು ನೋಡಿದ, ದಿನಸಿಯವನು ನೋಡಿದ, ಎದುರುಮನೆಯಾಕೆ ಕಿಟಕಿಯಿಂದ ನೋಡಿದಳು. ಬ್ಯಾಂಕಿಗೆ ಹೋದವನು ಕುಣಿಯುತ್ತಾ, ಸಿಹಿ ಹಿಡಿದು ಬರುತ್ತಿದ್ದಾನೆ. ಇದರ ಅರ್ಥ ಮಾಡಿಕೊಳ್ಳಲು ಯಾರಿಗೂ ವಿದ್ವತ್ತು ಬೇಕಿರಲಿಲ್ಲ.

ಅವನು ನೇರವಾಗಿ ಓನರ್ ಬಾಗಿಲು ಬಡಿದ. “ಸಾರ್! ಬ್ಯಾಂಕಿನೋರು ಸಾಲ ಕೊಡಲ್ಲ ಅಂದುಬಿಟ್ರು! ಬಂಗಲೆ ಕ್ಯಾನ್ಸಲ್! ತಗೊಳ್ಳಿ, ಸಿಹಿ ತಗೊಳ್ಳಿ!”

ಓನರ್ ಸಿಹಿ ಬಾಯಿಗಿಟ್ಟು ಕಣ್ಣು ಕಿರಿದು ಮಾಡಿದರು. “ಭಲೇ! ದುಡ್ಡಿರೋರ ಬುದ್ಧಿ ಬಂದೇಬಿಡ್ತಲ್ಲ ನಿಮಗೆ. ಕೈಸಾಲ ಕೇಳ್ತಾರೆ ಅಂತ ಮುಚ್ಚಿಡ್ತಾ ಇದ್ದೀರಿ. ಮುಚ್ಚಿಡಿ, ನಾನು ಯಾರಿಗೂ ಹೇಳಲ್ಲ.”

“ಅಯ್ಯೋ, ನಿಜ ಸಾರ್!”

“ಸಾಲ ಸಿಗದೇ ಇದ್ರೆ ಯಾರಾದ್ರೂ ಸಿಹಿ ಹಂಚ್ತಾರೇನ್ರೀ? ನಾಳೆ ಶನಿವಾರ, ಹೊಸಬರು ಮನೆ ನೋಡೋಕೆ ಬರ್ತಾರೆ. ಅಡ್ವಾನ್ಸು ಮಾತಾಡ್ತಾರೆ. ನೀವೇ ಸ್ವಲ್ಪ ತೋರಿಸಿಬಿಡಿ.” ಬಾಗಿಲು ಮುಚ್ಚಿತು.

ಷಡ್ಡಕ ಮೆಟ್ಟಿಲ ಮೇಲೆ ಕುಸಿದು ಕೂತ. ಉಳಿದ ಸಿಹಿಯನ್ನು ನಾನು ತಿಂದೆ. ಹಾಳಾಗುವುದು ಬೇಡವೆಂದು.

ಶನಿವಾರ ನಾವೆಲ್ಲ ಮೇಲಿನ ಮನೆಯಲ್ಲಿ ಸೇರಿದ್ದೆವು. ನಾದಿನಿಯ ಕಣ್ಣು ಊದಿತ್ತು, ಪಕ್ಕದಲ್ಲಿ ನನ್ನ ಹೆಂಡತಿ ನಿಂತಿದ್ದಳು. ಸೋದರಮಾವ ಟ್ರಂಕಿನ ಮೇಲಿದ್ದರು. ಅಂದೂ ನನ್ನ ಕೋಟು ತೊಟ್ಟಿದ್ದ ಷಡ್ಡಕ ನನ್ನ ಕಿವಿಯಲ್ಲಿ, “ಹೆದರಬೇಡಿ ಭಾವ. ಕೊರತೆ ಹೇಳೋದ್ರಲ್ಲಿ ನನ್ನ ಮೀರಿಸೋರಿಲ್ಲ. ಬಂದೋರು ಮೆಟ್ಟಿಲಲ್ಲೇ ವಾಪಸ್ಸು ಓಡಬೇಕು,” ಎಂದ.

ಓನರ್ ಹಿಂದೆ ಒಳಗೆ ಬಂದವನು ಹೆಲ್ಮೆಟ್ಟು ತೆಗೆದ. ಬ್ರೋಕರ್! ಅವನ ಹಿಂದೆ ಸೆರಗು ಬಿಗಿಹಿಡಿದು ಅವನ ಹೆಂಡತಿ.

“ಹೊಸಬರು ನಾವೇ, ಬಂಗಲೆ ಸಾರ್,” ಎಂದು ಸಂಕೋಚದಿಂದ ನಕ್ಕ. “ಊರಿಗೆಲ್ಲಾ ಮನೆ ಮಾಡಿಕೊಟ್ಟೆ. ನಾವಿರೋದು ಒಂದೇ ರೂಮು, ಕಿಟಕಿ ಇಲ್ಲ. ನಿಮ್ಮ ಕಮಿಷನ್ ಬಂದ್ರೆ ಇಲ್ಲಿಗೆ ಅಡ್ವಾನ್ಸು ಕಟ್ಟಬಹುದು ಅಂತ...”

ಷಡ್ಡಕ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಯುದ್ಧಕ್ಕಿಳಿದ. “ನೋಡಪ್ಪಾ, ಮೆಟ್ಟಿಲು ಬಹಳ ಕಡಿದು.”

“ಕಳ್ಳರು ಹತ್ತಲ್ಲ ಸಾರ್. ವ್ಯಾಯಾಮಕ್ಕೆ ಬೇರೆ ಖರ್ಚಿಲ್ಲ.”

“ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತೆ.”

“ನೀರಿದೆ ಅನ್ನೋದಕ್ಕೆ ಗ್ಯಾರಂಟಿ. ತೊಟ್ಟಿಕ್ಕದ ನಲ್ಲಿ ನಂಬಬಾರದು ಸಾರ್.”

“ಕೆಳಗೆ ಈ ಡ್ರಿಲ್ ಮೇಷ್ಟ್ರು. ಕೆಟ್ಟ ಕೋಪ. ಬೆಳಗಾಗೋ ಮುಂಚೆ ಸೀಟಿ ಊದ್ತಾರೆ.”

“ಅಲಾರಂ ಉಳೀತು!”

ನನಗೆ ಮೈಯೆಲ್ಲ ಉರಿಯಿತು. ಆದರೂ ಷಡ್ಡಕನ ಪರವಾಗಿ ಆದಷ್ಟು ಕೆಟ್ಟದಾಗಿ ಕಾಣಲು ಹುಬ್ಬು ಗಂಟಿಕ್ಕಿದೆ.

“ಎಲ್ಲಾ ಸೇರಿ ಎರಡೇ ಕೋಣೆ,” ಎಂದ ಷಡ್ಡಕ, ದನಿ ಇಳಿಯುತ್ತಿತ್ತು. “ಇಕ್ಕಟ್ಟು.”

ಆಗ ಬ್ರೋಕರ್ ಹೆಲ್ಮೆಟ್ಟು ಕೆಳಗಿಟ್ಟ. “ಇಕ್ಕಟ್ಟಾ? ಸಾರ್, ಒಂದು ಕೋಣೆಯಲ್ಲಿ ಕರೆದ್ರೆ ಇನ್ನೊಂದು ಕೋಣೆಯಲ್ಲಿ ಕೇಳಿಸುತ್ತೆ. ಆ ಬಂಗಲೇಲಿ ಕೂಗಿದ್ರೆ ನಿಮ್ಮ ಕೂಗೇ ನಿಮಗೆ ವಾಪಸ್ಸು ಬರುತ್ತೆ. ಇಲ್ನೋಡಿ, ಅಡುಗೆಮನೆಗೆ ಬೆಳಗಿನ ಬಿಸಿಲು. ಚಹಾ ಕಾಯಿಸೋರ ಕೈಮೇಲೆ ನೇರ ಬೀಳುತ್ತೆ. ಸಂಜೆ ಗಾಳಿ ಬಾಲ್ಕನಿಯಿಂದ ಬಂದು ಈ ಬಾಗಿಲಲ್ಲಿ ಆಚೆ ಹೋಗುತ್ತೆ, ಮಧ್ಯೆ ಯಾರು ಕೂತಿದ್ರೂ ತಟ್ಟಿಯೇ ಹೋಗುತ್ತೆ. ಬಾಲ್ಕನಿಯಲ್ಲಿ ನಿಂತ್ರೆ ಬಸ್ಸು ತಿರುವಿನಲ್ಲಿ ಬರೋದು ಕಾಣುತ್ತೆ. ಯಾರು ಇಳಿದ್ರು, ಯಾರು ಬಂದ್ರು ಅಂತ ಗೊತ್ತಾಗುತ್ತೆ. ಕಾಯೋರಿಗೆ ಇದಕ್ಕಿಂತ ಏನು ಬೇಕು ಸಾರ್?”

ಅವನ ಹೆಂಡತಿ ಇದನ್ನೇನೂ ಕೇಳುತ್ತಿರಲಿಲ್ಲ. ಅವಳು ಬಾಲ್ಕನಿಯ ಪಕ್ಕದ ಕಿಟಕಿಯ ಹತ್ತಿರ ಹೋಗಿ, ಸರಳು ಹಿಡಿದು ಸುಮ್ಮನೆ ನಿಂತಿದ್ದಳು.

ಷಡ್ಡಕ ಬಿಸಿಲು ಬೀಳುವ ಅಡುಗೆಮನೆ ನೋಡಿದ, ಬಾಲ್ಕನಿ ನೋಡಿದ. ಯಾರದೋ ಮನೆಗೆ ಮೊದಲ ಸಲ ಬಂದವನಂತೆ ನೋಡಿದ. “ಭಾವ,” ಎಂದ ಮೆಲ್ಲನೆ, “ಇಷ್ಟೆಲ್ಲಾ ಇದೆಯಾ ನಮ್ಮ ಮನೇಲಿ?”

“ಇದೆ,” ಎಂದಳು ನಾದಿನಿ. “ದಿನಾ ಆ ಬಾಲ್ಕನೀಲಿ ನಿಂತು ನೀವು ಬಸ್ಸಿಳಿಯೋದನ್ನ ನೋಡ್ತೀನಿ. ನಮ್ಮ ಮನೆ ಚೆನ್ನಾಗಿದೆ ಅಂತ ನಿಮ್ಮ ಬಾಯಲ್ಲಿ ಒಂದು ದಿನ ಬಂದಿಲ್ಲ. ಕೇಳೋಕೆ ಬ್ರೋಕರ್ ಬರಬೇಕಾಯ್ತು.”

ಷಡ್ಡಕ ನನ್ನ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. “ಕೇಳಿ ಎಲ್ರೂ,” ಎಂದ. “ನಾನು ಬಂಗಲೆ ತಗೊಳ್ತಿಲ್ಲ. ತಗೊಳ್ಳೋ ಯೋಗ್ಯತೆ ಯಾವತ್ತೂ ಇರಲಿಲ್ಲ. ಕಿಟಕಿ ಅಳೆದದ್ದು ನನ್ನ ಕಸುಬು, ಕೈ ತಾನಾಗಿ ಹೋಯ್ತು. ‘ಹೂಂ’ ಅಂದಾಗ ಬಾಯಲ್ಲಿ ಪೆನ್ಸಿಲ್ಲಿತ್ತು. ಅದನ್ನ ತೆಗೆದ ಮೇಲೂ ಸುಮ್ಮನಿದ್ದದ್ದು ಮಾತ್ರ ಜಂಭ. ನಾನು ಈ ಮನೆ ಬಿಡಲ್ಲ. ನನಗೆ ಇದೇ ಬೇಕು.”

ಸೋದರಮಾವ ಎದ್ದು ಟ್ರಂಕಿನ ಹಿಡಿ ಎತ್ತಿದರು. “ಊರ ಕಡೆ ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದರು, ಯಾರನ್ನೂ ನೋಡದೆ.

ಬ್ರೋಕರ್ ಆ ಟ್ರಂಕಿನ ಮೇಲೇ ಕೂತುಬಿಟ್ಟ. “ಹಾಗಾದ್ರೆ ಕಮಿಷನ್ ಇಲ್ಲ,” ಎಂದ. ಕೆಳಗಿಟ್ಟಿದ್ದ ಹೆಲ್ಮೆಟ್ಟನ್ನು ಎತ್ತಿಕೊಂಡು, “ಕಮಿಷನ್ ಇಲ್ಲದಿದ್ರೆ ಅಡ್ವಾನ್ಸೂ ಇಲ್ಲ,” ಎಂದ. ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ಷಡ್ಡಕ ಅವನ ಹೆಗಲ ಮೇಲೆ ಕೈಯಿಟ್ಟ. “ತಪ್ಪಾಯ್ತು ಕಣಯ್ಯಾ,” ಎಂದ. ನಾದಿನಿ ಬ್ರೋಕರನ ಹೆಂಡತಿಗೆ ಕಿಟಕಿಯ ಬಳಿಯೇ ಕುರ್ಚಿ ಹಾಕಿ ಚಹಾ ಕೊಟ್ಟಳು.

ಕೀಲಿಗೊಂಚಲು ಸದ್ದು ಮಾಡಿತು. “ಅದೆಲ್ಲಾ ಸರಿ,” ಎಂದರು ಓನರ್. “ಇವರು ಹೇಳೋದು ಕೇಳಿದ ಮೇಲೆ ನನಗೇ ಕಣ್ಣು ತೆರೀತು. ಬೆಳಗಿನ ಬಿಸಿಲು, ಸಂಜೆ ಗಾಳಿ! ಇಂಥ ಮನೇನ ಹಳೇ ಬಾಡಿಗೆಗೆ ಕೊಟ್ಟು ನಾನು ಬೆಪ್ಪಾಗಿದ್ದೆ. ಒಂದೂವರೆಪಟ್ಟು ಕೊಟ್ರೆ ಇರಿ, ಇಲ್ಲಾಂದ್ರೆ ಬೋರ್ಡು ಹಾಕ್ತೀನಿ.”

ಷಡ್ಡಕನ ಮುಖ ಬಿಳಿಚಿತು. ಆಗ ಟ್ರಂಕಿನ ಮೇಲಿದ್ದ ಬ್ರೋಕರ್ ತಲೆಯೆತ್ತಿದ. ಅಳುವ ಮಗುವಿನ ಸದ್ದಿಗೆ ತಾಯಿ ಏಳುವಂತೆ ಎದ್ದ.

“ಸಾರ್, ಸಾರ್, ಹಾಗೆ ಒಮ್ಮೆಲೇ ಏರಿಸಬಾರದು. ಹೊಸಬರು ಬಂದ್ರೆ ಸುಣ್ಣ ಹೊಡೆಸಬೇಕು. ನಲ್ಲಿ ತೊಟ್ಟಿಕ್ಕುತ್ತೆ, ಇವರೇ ಹೇಳಿದ್ರಲ್ಲ. ಮೆಟ್ಟಿಲು ಕಡಿದು. ಕೆಳಗೆ ಮೇಷ್ಟ್ರ ಕೋಪ ಬೇರೆ. ಇಷ್ಟೆಲ್ಲಾ ಸಹಿಸಿಕೊಂಡು ಇರೋ ಬಾಡಿಗೆದಾರ ನಿಮಗೆ ಎಲ್ಲಿ ಸಿಗ್ತಾನೆ? ಇವರೂ ಸ್ವಲ್ಪ ಏರಲಿ, ನೀವೂ ಸ್ವಲ್ಪ ಇಳೀರಿ.”

ಓನರ್ ಇಳಿದರು, ಷಡ್ಡಕ ಏರಿದ. ಇಬ್ಬರ ಕೈಯನ್ನೂ ಬ್ರೋಕರನೇ ಹಿಡಿದು ಕೂಡಿಸಿದ. ಆಮೇಲೆ ತನ್ನ ಕೈಯನ್ನು ಷಡ್ಡಕನ ಮುಂದೆ ಚಾಚಿದ.

“ಒಂದು ತಿಂಗಳ ಬಾಡಿಗೆ ಸಾರ್. ಮನೆ ಕೊಡಿಸಿದ್ದಕ್ಕೆ.”

“ನಾನು ಇರೋ ಮನೇನೇ ನನಗೆ ಕೊಡಿಸಿದ್ದಕ್ಕಾ?”

“ನೀವೇ ಹೇಳಿ ಸಾರ್, ಇವತ್ತು ಬೆಳಿಗ್ಗೆ ಈ ಮನೆ ನಿಮ್ಮದಾಗಿತ್ತಾ?”

ಷಡ್ಡಕ ಯೋಚಿಸಿದ. ನಾದಿನಿ ಒಳಗೆ ಹೋಗಿ ಹೊಲಿಗೆಯ ದುಡ್ಡು ತಂದು ಬ್ರೋಕರನ ಕೈಗಿಟ್ಟಳು. ಕೊಡುವಾಗ ಅವಳು ನಗುತ್ತಿದ್ದಳು.

ಎಲ್ಲ ಸುಖವಾಗಿ ಮುಗಿಯಿತೆಂದು ನಾನು ಕುರ್ಚಿಯ ಮೇಲಿನ ಕೋಟು ಎತ್ತಿಕೊಂಡು ಹೊರಡುತ್ತಿದ್ದೆ. ಓನರ್ ನನ್ನನ್ನೇ ನೋಡುತ್ತಿದ್ದರು.

“ಮೇಷ್ಟ್ರೇ, ನಿಮ್ಮದೂ ಇದೇ ಥರದ ಮನೆ ಅಲ್ವಾ?”

ಬ್ರೋಕರ್ ದುಡ್ಡು ಜೇಬಿಗಿಟ್ಟು ಹತ್ತಿರ ಬಂದ. “ಮೇಷ್ಟ್ರೇ, ನಿಮ್ಮ ಅಡುಗೆಮನೆಗೂ ಬೆಳಗಿನ ಬಿಸಿಲು ಬರುತ್ತಾ?”

“ಇಲ್ಲ,” ಎಂದೆ, ಗಟ್ಟಿಯಾಗಿ.

“ಯಾಕ್ರೀ ಬರಲ್ಲ?” ಎಂದಳು ನನ್ನ ಹೆಂಡತಿ, ಹಿಂದಿನಿಂದ. “ಇವರದಕ್ಕಿಂತ ಚೆನ್ನಾಗಿ ಬರುತ್ತೆ.”